ಆಚೆ ದಡದ ಕಸ

"ಇವತ್ತು ಆಚೆ ದಡ" ಎಂದು ಡ್ರಿಲ್ ಮೇಷ್ಟ್ರು ಹೇಳಿದಾಗ ಅವನು ಬಗ್ಗಿ ಶೂ ಲೇಸ್ ಕಟ್ಟಿಕೊಳ್ಳುತ್ತಿದ್ದ. ಹಾಗಾಗಿ ಅವನ ಮುಖ ಯಾರಿಗೂ ಕಾಣಲಿಲ್ಲ. ಕಟ್ಟಿದ ಲೇಸನ್ನು ಬಿಚ್ಚಿ ಇನ್ನೊಮ್ಮೆ ಕಟ್ಟಿದ. ಎರಡು ವರ್ಷದಿಂದ ಪ್ರತಿ ಭಾನುವಾರ ಬೆಳಿಗ್ಗೆ ಈ ಹನ್ನೊಂದು ಜನ ಕಾಲುವೆಯ ಈಚೆ ದಡದಲ್ಲೇ ಓಡುತ್ತಿದ್ದರು. ಓಡುತ್ತಲೇ, ಕಣ್ಣಿಗೆ ಬಿದ್ದ ಕಸವನ್ನು ಬಗ್ಗಿ ಹೆಕ್ಕಿ ಚೀಲಕ್ಕೆ ತುಂಬುತ್ತಿದ್ದರು. ಓಟವೆಂದರೆ ದೊಡ್ಡ ಮಾತಾಯಿತು. ಹತ್ತು ಹೆಜ್ಜೆ ಕುಪ್ಪಳಿಸುವುದು, ಬಗ್ಗುವುದು, ಸೊಂಟ ಹಿಡಿದುಕೊಂಡು ಏಳುವುದು, ಮತ್ತೆ ಹತ್ತು ಹೆಜ್ಜೆ. ಶಾಲೆಯಿಂದ ನಿವೃತ್ತರಾಗಿದ್ದರೂ ಸೀಟಿಯಿಂದ ನಿವೃತ್ತರಾಗದ ಮೇಷ್ಟ್ರು ಕಾಲುವೆಯ ನೀರಿನಾಚೆಗೆ ಕೈ ಚಾಚಿದರು. "ಈಚೆ ದಡ ಕನ್ನಡಿ ಥರ ಆಗಿದೆ. ಕಸ ಇಲ್ಲದ ಕಡೆ ಓಡಿದ್ರೆ ಅದು ಬರೀ ಓಟ. ನಮಗೆ ಬರೀ ಓಟ ಬೇಡ." ಆಚೆ ದಡದಲ್ಲಿ ಮುಳ್ಳುಪೊದೆ, ಇಳಿಜಾರು, ಕಾಲುದಾರಿಯೂ ಸರಿಯಾಗಿಲ್ಲ, ಅದಕ್ಕೇ ಅಲ್ಲಿಗೆ ಯಾರೂ ಹೋಗುವುದಿಲ್ಲವೆಂದು ಅವನು ನಂಬಿದ್ದ. ಎದ್ದು ನಿಂತು, "ಅಲ್ಲಿ ಹಾವು ಇರುತ್ತೆ, ಮೇಷ್ಟ್ರೇ" ಎಂದ. ತನ್ನ ದನಿ ತನಗೇ ಬೇರೆಯವರ ದನಿಯಂತೆ ಕೇಳಿತು. "ಹಾವು ಕಚ್ಚಿದ್ರೆ ನೋಡ್ಕೊಳ್ಳೋಕೆ ನಮ್ಮ ಅರ್ಧ ಡಾಕ್ಟ್ರು ಇದ್ದಾರಲ್ಲ!" ಎಂದು ಟೈಲರ್ ಚಟಾಕಿ ಹಾರಿಸಿದ. ಎಲ್ಲರೂ ನಕ್ಕರು. ಔಷಧಿ ಅಂಗಡಿ ಇಟ್ಟುಕೊಂಡವನಿಗೆ ಟೈಲರ್ ಕೊಟ್ಟ ಹೆಸರು ಅದು. ಕೇಳಿದಾಗಲೆಲ್ಲ ಅವನು ಬೇಡವೆನ್ನುವಂತೆ ಕೈಯಾಡಿಸುತ್ತಿದ್ದ, ಒಳಗೊಳಗೇ ಹಿಗ್ಗುತ್ತಿದ್ದ. ಇವತ್ತು ಕೈಯಾಡಿಸುವುದೂ ಮರೆತುಹೋಯಿತು.

ಸೇತುವೆ ದಾಟುವ ಹೊತ್ತಿಗೆ ಹಿಂದಿನಿಂದ ಸ್ಕೂಟರ್ ಸದ್ದು ಬಂತು. ತಿರುಗಿ ನೋಡದೆಯೇ ಅದು ಗುಂಪಿನ ಟೀಚರ್ ಸ್ಕೂಟರ್ ಎಂದು ಅವನಿಗೆ ಗೊತ್ತಾಯಿತು. ಅವಳು ಬರುವುದಿಲ್ಲವೆಂದು ಅವನು ಎಣಿಸಿದ್ದ. ಬರದಿರಲಿ ಎಂದು ಬೆಳಿಗ್ಗೆ ಹಲ್ಲುಜ್ಜುವಾಗ ಬೇಡಿಕೊಂಡೂ ಇದ್ದ. ತಾಯಿ ಆಸ್ಪತ್ರೆಯಲ್ಲಿ ಮಲಗಿದ್ದಾಗ ಯಾವ ಮಗಳು ಕಸ ಹೆಕ್ಕಲು ಬರುತ್ತಾಳೆ? ಅವಳು ಸೇತುವೆ ಪಕ್ಕದ ಗೇಟಿನ ಹತ್ತಿರ ಗಾಡಿ ನಿಲ್ಲಿಸಿ, ಗ್ಲೌಸ್ ಹಾಕಿಕೊಳ್ಳುತ್ತ ಓಡಿ ಬಂದು ಅವನ ಪಕ್ಕದಲ್ಲೇ ಹೆಜ್ಜೆ ಕೂಡಿಸಿದಳು. ಮೂರು ದಿನದಿಂದ ತಲೆ ಬಾಚಿರಲಿಲ್ಲವೇನೋ. "ತಮ್ಮ ಕೂತಿದ್ದಾನೆ ಅಣ್ಣ. ಒಂದು ಗಂಟೆ ಗಾಳಿ ಕುಡಿದು ಬಾ, ಇಲ್ಲಾಂದ್ರೆ ನಿನಗೂ ಒಂದು ಮಂಚ ಹಾಕ್ಬೇಕಾಗುತ್ತೆ ಅಂತ ಬೈದು ಕಳಿಸಿದ" ಎಂದಳು. ಅಮ್ಮ ಹೇಗಿದ್ದಾರೆ ಎಂದು ಅವನು ಕೇಳಲೇಬೇಕಾಯಿತು. "ಜ್ವರ ಇಳೀತಾ ಇಲ್ಲ. ಬಾಯೆಲ್ಲ ಹುಣ್ಣು, ಒಂದು ಗುಟುಕು ನೀರು ನುಂಗೋಕೂ ಅಳ್ತಾರೆ. ರಕ್ತದಲ್ಲಿ ಬಿಳಿ ಕಣ ದಿನದಿನಾ ಕಮ್ಮಿ ಆಗ್ತಿದೆಯಂತೆ. ಯಾಕೆ ಅಂತ ಅವರಿಗೂ ತಿಳೀತಾ ಇಲ್ಲ. ನೀವೇ ಹೇಳಿ ಅಣ್ಣ, ಕೀಲುನೋವು ಬಿಟ್ರೆ ಗಟ್ಟಿಮುಟ್ಟಾಗಿದ್ದ ಹೆಂಗಸಿಗೆ ಹೀಗೆ ಇದ್ದಕ್ಕಿದ್ದ ಹಾಗೆ ಆಗುತ್ತಾ?" ಅವನು ಓಡುತ್ತ, "ವಯಸ್ಸು" ಎಂದ. ಒಂದೇ ಪದ. ಉಸಿರಿಲ್ಲದ್ದರಿಂದ ಅಷ್ಟೇ ಹೇಳಿದನೆಂದು ಅವಳು ತಿಳಿದುಕೊಂಡಿರಬೇಕು.

ಯಾಕೆ ಎಂದು ಅವನಿಗೆ ಗೊತ್ತಿತ್ತು. ಈ ಲೋಕದಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ಕೀಲುನೋವಿಗೆಂದು ಬೇರೆ ಊರಿನ ಡಾಕ್ಟರು ಬರೆದ ಆ ಹಳದಿ ಮಾತ್ರೆ ವಾರಕ್ಕೆ ಒಂದೇ ಒಂದು ತೆಗೆದುಕೊಳ್ಳಬೇಕಾದದ್ದು. ದಿನಾ ತೆಗೆದುಕೊಂಡರೆ ಅದು ಔಷಧಿಯಲ್ಲ, ವಿಷ. ಅಂಗಡಿಯಲ್ಲಿ ಅವನು ಮಾತ್ರೆ ಹಾಕಿ ಕೊಡುವ ಕಾಗದದ ಕವರಿನ ಮೇಲೆ ಮೂರು ಚೌಕ ಇರುತ್ತವೆ: ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ. ಯಾವ ಹೊತ್ತಿಗೆ ಬೇಕೋ ಆ ಚೌಕದಲ್ಲಿ ಗುರುತು ಹಾಕುವುದು. ವಾರದ ಮಾತ್ರೆಯಾದರೆ ಮೂರೂ ಚೌಕವನ್ನು ಹೊಡೆದುಹಾಕಿ, ಕೆಳಗೆ ದಪ್ಪಕ್ಷರದಲ್ಲಿ ಆ ಒಂದು ದಿನದ ಹೆಸರು ಬರೆಯಬೇಕು. ವರ್ಷಕ್ಕೆ ನಾಲ್ಕೈದು ಸಲ ಬರುವ ಕೆಲಸ. ಅವತ್ತು ಸೋಮವಾರ. ಟೀಚರ್ ಚೀಟಿಯ ಜೊತೆಗೆ ಪೇಪರನ್ನೂ ಹಿಡಿದುಕೊಂಡು ಬಂದಿದ್ದಳು. "ಅಣ್ಣ, ನಿಮ್ಮ ಫೋಟೊ ಬಂದಿದೆ, ನೋಡಿದ್ರಾ?" ನಾಲ್ಕನೇ ಪುಟದಲ್ಲಿ ಅವನು ಚೀಲ ಹಿಡಿದು ಬಗ್ಗಿದ್ದ, ಪಕ್ಕದಲ್ಲಿ ಅವಳ ಮೊಣಕೈ ಮಾತ್ರ ಇತ್ತು, ಉಳಿದವಳನ್ನು ಕತ್ತರಿಸಿದ್ದರು. ತಾನು ಕಾಣದ್ದಕ್ಕೆ ಅವಳೇ ನಕ್ಕಳು. ಅವನು ಎಡಗೈಯಲ್ಲಿ ಪೇಪರನ್ನು ಕೌಂಟರಿನ ಮೇಲೆ ಸವರಿ ನೆಟ್ಟಗೆ ಮಾಡುತ್ತ, ತನ್ನ ಬೋಳುತಲೆ ಅಷ್ಟು ಮಿಂಚಬಾರದಿತ್ತು ಎಂದುಕೊಳ್ಳುತ್ತ, ಬಲಗೈಯಲ್ಲಿ ಬೆಳಗಿನ ಚೌಕಕ್ಕೆ ಗುರುತು ಹಾಕಿದ. ಕವರು ಅವಳ ಕೈಗೆ, ಚೀಟಿ ಅಂಗಡಿಯ ತಂತಿಗೆ. ಪೇಪರನ್ನು ಮಾತ್ರ ಮಡಚಿ ಜೋಪಾನವಾಗಿ ಮನೆಗೆ ಒಯ್ದ.

ಕೆಲಸ ಕಲಿತ ಹಳೆಯ ಅಂಗಡಿಯಲ್ಲಿ ಯಜಮಾನರದೊಂದು ಕಟ್ಟಳೆ ಇತ್ತು: ಕವರು ಕೊಡುವ ಮೊದಲು ಗಿರಾಕಿಯ ಎದುರಿಗೆ ಅದರ ಮೇಲೆ ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಬೇಕು. ಮೆಲ್ಲಗೆ ಓದಿದರೆ, "ಬಾಯಲ್ಲಿ ಕಡುಬು ಇಟ್ಕೊಂಡಿದ್ದೀಯೇನೋ?" ಎಂದು ನಾಲ್ಕು ಜನರ ಎದುರಿಗೆ ಇನ್ನೊಮ್ಮೆ ಓದಿಸುತ್ತಿದ್ದರು. ಮೀಸೆ ಬಂದವನನ್ನು ಮಗ್ಗಿ ಒಪ್ಪಿಸುವ ಹಾಗೆ ನಿಲ್ಲಿಸುತ್ತಿದ್ದರಲ್ಲ, ಆ ಅವಮಾನಕ್ಕೆ ಅವನ ಕಿವಿ ಈಗಲೂ ಬಿಸಿಯಾಗುತ್ತದೆ. ಸ್ವಂತ ಅಂಗಡಿಯ ಬಾಗಿಲು ತೆರೆದ ದಿನ ಅವನು ಮೊದಲು ಕೈಬಿಟ್ಟದ್ದು ಆ ಕಟ್ಟಳೆಯನ್ನೇ. ಇಪ್ಪತ್ತೆರಡು ವರ್ಷ ಓದದೆಯೇ ನಡೆಯಿತು. ಯಾರೂ ಅವನತ್ತ ಬೊಟ್ಟು ಮಾಡಿರಲಿಲ್ಲ.

"ಮೇಲೆ ನೋಡ್ಕೊಂಡು ಓಡ್ತಿದ್ದೀರಲ್ಲ, ಕಸ ಆಕಾಶದಲ್ಲಿದೆಯಾ?" ಎಂದು ಮೇಷ್ಟ್ರು ಹಿಂದಿನಿಂದ ಕೂಗಿದರು. ಅವನು ತಲೆ ತಗ್ಗಿಸಿದ. ಆಚೆ ದಡ ಈಗ ಈಚೆ ದಡವಾಗಿತ್ತು. ನೆಲ ಒದ್ದೆಯಾಗಿತ್ತು, ಹುಲ್ಲಿನೊಳಗಿಂದ ಕೊಳೆತ ವಾಸನೆ. ಸೇತುವೆಯಿಂದ ಎಷ್ಟು ದೂರ? ಅವತ್ತು ಸಂಜೆ ಅವನು ಎಣಿಸಿರಲಿಲ್ಲ. ಮುರಿದ ಕಲ್ಲುಬೆಂಚು ದಾಟಿದ್ದು ನೆನಪಿದೆ. ನೀರಿಗೇ ಎಸೆಯಬೇಕೆಂದು ಹೊರಟವನು, ಎದುರು ದಡದಲ್ಲಿ ಯಾರೋ ನಡೆದು ಬರುತ್ತಿದ್ದುದರಿಂದ ಪೊದೆಯೊಳಕ್ಕೆ ಎಸೆದುಬಿಟ್ಟದ್ದು ನೆನಪಿದೆ. ಎರಡು ವರ್ಷ ಊರಿನ ಕಸಕ್ಕೆಲ್ಲ ಬಗ್ಗಿದವನು ಎಸೆದದ್ದು ಅದೊಂದೇ. ಎಸೆಯುವಾಗಲೂ, ಎಂಥ ಜನ ಇಲ್ಲಿ ಕಸ ಹಾಕುತ್ತಾರೋ ಎಂಬ ರೂಢಿಯ ಸಿಟ್ಟು ಒಮ್ಮೆ ತಲೆಯೊಳಗೆ ಹಾದುಹೋಯಿತು. ಆಮೇಲೆ ಅದನ್ನು ನೆನೆದು ಅವನಿಗೆ ಮೈ ಪರಚಿಕೊಳ್ಳುವಂತಾಯಿತು.

ಅದು ಎಸೆದದ್ದು ಮರುವಾರದ ಮಂಗಳವಾರ. ಟೀಚರ್ ಬಾಯಿಹುಣ್ಣಿಗೆ ಮುಲಾಮು ಕೇಳಿಕೊಂಡು ಬಂದಳು. "ಹಾಗೇ ಈ ಮಾತ್ರೆ ಇನ್ನೊಂದು ಪಟ್ಟಿ ಕೊಡಿ ಅಣ್ಣ, ಎಂಟು ಆಯ್ತು, ಎರಡೇ ಉಳಿದಿರೋದು" ಎಂದು ಕವರನ್ನು ಮುಂದಿಟ್ಟಳು. ಎಂಟು ಎಂದಾಗ ಅವನು ಕವರನ್ನು ತಿರುಗಿಸಿ ನೋಡಿದ. ಎಂಟು ದಿನ ಆಗಿತ್ತು, ಎಂಟು ವಾರವಲ್ಲ. ಬೆಳಗಿನ ಚೌಕದಲ್ಲಿ ಅವನದೇ ಗುರುತು, ಬಾಲ ಸ್ವಲ್ಪ ಮೇಲಕ್ಕೆ ಎತ್ತಿದ, ಇಡೀ ಊರಿಗೇ ಪರಿಚಯವಿದ್ದ ಗುರುತು. ಆಗ ಹೇಳಬಹುದಿತ್ತು. ಟೀಚರ್, ತಪ್ಪಾಗಿದೆ, ಈಗಲೇ ಆಸ್ಪತ್ರೆಗೆ ಹೋಗೋಣ, ಗಾಡಿ ನಾನೇ ಓಡಿಸ್ತೀನಿ. ಅಷ್ಟು ಮಾತು ನಾಲಿಗೆಯ ಮೇಲೆ ಸಾಲಾಗಿ ನಿಂತಿತ್ತು. ಹಿಂದೆ ಇಬ್ಬರು ಗಿರಾಕಿಗಳು ಕಾಯುತ್ತಿದ್ದರು. ಒಬ್ಬಾಕೆ ಅವನು ಮನೆಯಿಂದ ಕತ್ತರಿಸಿ ತಂದು ಗೋಡೆಗೆ ಅಂಟಿಸಿದ್ದ ಪೇಪರ್ ಫೋಟೊ ನೋಡುತ್ತಿದ್ದಳು. "ಇದನ್ನ ಸ್ವಲ್ಪ ದಿನ ನಿಲ್ಲಿಸಿ, ಹುಣ್ಣು ವಾಸಿಯಾಗ್ಲಿ. ಕವರು ಇಲ್ಲೇ ಇರ್ಲಿ" ಎಂದು ಹೇಳಿ ಅವನು ಅದನ್ನು ಜೇಬಿಗೆ ಹಾಕಿಕೊಂಡ. ಅವಳು ಥ್ಯಾಂಕ್ಸ್ ಹೇಳಿ ಹೋದಳು. ನಿಲ್ಲಿಸಿದೆನಲ್ಲ, ಎಂದು ಅವನು ಆ ದಿನದಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದಾನೆ, ನಾನೇ ನಿಲ್ಲಿಸಿದೆನಲ್ಲ. ಮನೆಯ ಒಲೆಯಲ್ಲಿ ಕವರು ಸುಟ್ಟಿತು, ಪಟ್ಟಿ ಸುಡಲಿಲ್ಲ, ಕಮಟು ಹೊಗೆ ಎದ್ದಿತು. "ಏನ್ರೀ ಅದು ನಾತ?" ಎಂದು ಹೆಂಡತಿ ನಡುಮನೆಯಿಂದ ಕೇಳಿದಳು. ಏನೂ ಇಲ್ಲ, ಓಡಿ ಬರ್ತೀನಿ ಎಂದು ಬಿಸಿ ಪಟ್ಟಿಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹೊರಬಿದ್ದಿದ್ದ. ಅಂಗಡಿಯ ಬುಟ್ಟಿಯಲ್ಲಿ ಸಾವಿರ ಪಟ್ಟಿಗಳ ನಡುವೆ ಹಾಕಿದ್ದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಅಷ್ಟು ಸಣ್ಣ ಬುದ್ಧಿಯೂ ಆಗ ಹೊಳೆಯಲಿಲ್ಲ.

ಗುರುವಾರ ಆಸ್ಪತ್ರೆಗೆ ಸೇರಿಸಿದರೆಂದು ಗೊತ್ತಾದಾಗ ಅವನು ಅಂಗಡಿಯ ಮೇಲಿನ ಹಲಗೆಯಿಂದ ದಪ್ಪ ಪುಸ್ತಕ ಇಳಿಸಿದ. ಅದರಲ್ಲಿ ಎಲ್ಲ ಇತ್ತು. ಬಾಯಿಹುಣ್ಣು, ಜ್ವರ, ಬಿಳಿ ಕಣ. ಇಂಥ ವಿಷಕ್ಕೆ ಪ್ರತಿಯಾಗಿ ಕೊಡುವ ಔಷಧಿಯ ಹೆಸರೂ ಇತ್ತು. ಬೇಗ ಕೊಟ್ಟಷ್ಟೂ ಒಳ್ಳೆಯದು, ತಡವಾದಷ್ಟೂ ಕಷ್ಟ ಎಂದೂ ಇತ್ತು. ಅವನು ಪುಸ್ತಕ ಮುಚ್ಚಿ, ಧೂಳು ಒರೆಸಿ, ಮೊದಲಿದ್ದ ಜಾಗದಲ್ಲೇ ಇಟ್ಟ. ದೊಡ್ಡ ಡಾಕ್ಟರುಗಳಿದ್ದಾರೆ, ಅವರೇ ಕಂಡುಹಿಡಿಯುತ್ತಾರೆ. ಕಂಡುಹಿಡಿದರೆ ಲೈಸೆನ್ಸು ಹೋಗುತ್ತದೆ, ಅಂಗಡಿಗೆ ಬೀಗ, ಪೇಪರಿನಲ್ಲಿ ಇನ್ನೊಂದು ಫೋಟೊ. ಕಂಡುಹಿಡಿಯದಿದ್ದರೆ? ಆ ಪ್ರಶ್ನೆಯ ಬಾಗಿಲವರೆಗೆ ಹೋಗಿ ಮೂರು ದಿನದಿಂದ ಅವನು ವಾಪಸು ಬರುತ್ತಿದ್ದಾನೆ.

"ಸಿಕ್ತು! ಅರ್ಧ ಡಾಕ್ಟ್ರೇ, ನಿಮ್ಮ ಸಾಮಾನು!" ಟೈಲರ್ ಮುಂದಿನಿಂದ ಕೂಗಿದ. ಅವನು ನಿಂತುಬಿಟ್ಟ. ಗುಂಪಿನಲ್ಲಿ ಅದೊಂದು ನಿಯಮ: ಮಾತ್ರೆಯ ಪಟ್ಟಿ, ಸಿರಪ್ಪಿನ ಸೀಸೆ, ಸೂಜಿ ಯಾರಿಗೇ ಸಿಕ್ಕಲಿ, ಅದು ಅವನ ಸೊಂಟದ ಚೀಲಕ್ಕೆ, ಆಸ್ಪತ್ರೆಯವರು ಸುಡುವ ಕಡೆಗೆ ಒಪ್ಪಿಸುವುದು ಅವನ ಹೊಣೆ. ನಿಯಮ ಮಾಡಿದವನೂ ಅವನೇ. ಟೈಲರ್ ಎರಡು ಬೆರಳಲ್ಲಿ ಹಿಡಿದು ತಂದದ್ದು ಕೆಮ್ಮಿನ ಮಾತ್ರೆಯ ಖಾಲಿ ಪಟ್ಟಿ, ಹಸಿರು ಬಣ್ಣದ್ದು. ಅವನು ಅದನ್ನು ತೆಗೆದುಕೊಂಡು ಚೀಲಕ್ಕೆ ಹಾಕುವಾಗ ಪಟ್ಟಿ ಕೈತಪ್ಪಿ ಕೆಳಗೆ ಬಿತ್ತು. "ಬೆಳಿಗ್ಗೆ ತಿಂಡಿ ತಿಂದಿಲ್ವಾ?" ಎಂದ ಟೈಲರ್. ಬಟ್ಟೆಯ ಅಳತೆ ನೋಡುವವನ ಕಣ್ಣು ಅದು. ಮೇಲಿನಿಂದ ಕೆಳಗೆ ಒಮ್ಮೆ ನೋಡಿತು.

ಮುರಿದ ಬೆಂಚು ಬಂತು. ಅವನು ಎಲ್ಲರಿಗಿಂತ ಮುಂದೆ ಹೋಗಿ ಇಳಿಜಾರಿಗೆ ಇಳಿದ. ಮುಳ್ಳು ಅಂಗಿಗೆ ಸಿಕ್ಕಿತು, ಮೊಣಕಾಲು ಕೆಸರಿಗೆ ಊರಿತು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡವನ ಹಾಗೆ ಒಂದೊಂದೇ ಪೊದೆ ಸರಿಸಿ ನೋಡಿದ. ಬಾಟಲಿ ಇತ್ತು, ಹರಿದ ಚಪ್ಪಲಿ ಇತ್ತು, ಯಾವುದೋ ಮಗುವಿನ ತುಂಡು ಪೆನ್ಸಿಲ್ಲು ಇತ್ತು. ಅದನ್ನು ಬಿಟ್ಟು ಎಲ್ಲ ಇತ್ತು. ಯಾವತ್ತೂ ಇಷ್ಟು ಶ್ರದ್ಧೆಯಿಂದ ಅವನು ಕಸ ಹುಡುಕಿರಲಿಲ್ಲ. ಮೇಲಿನಿಂದ, ಗುಂಪಿನಲ್ಲಿದ್ದ ಬ್ಯಾಂಕಿನವರು, "ನೋಡಿ ಕಲೀರಿ ಎಲ್ರೂ! ಪೇಪರ್‌ನಲ್ಲಿ ಸುಮ್ಮನೆ ಫೋಟೊ ಬರಲ್ಲ" ಎಂದರು. ಅವನು ಬೆವರು ಒರೆಸಿಕೊಂಡು ತಲೆ ಎತ್ತಿದ. ನಾಲ್ಕು ಮಾರು ಆಚೆ ಟೀಚರ್ ಕೂತಿದ್ದಳು. ಕೂತು, ಬೇರಿನ ಸಂದಿಯಿಂದ ಏನನ್ನೋ ಎಳೆಯುತ್ತಿದ್ದಳು. ಅವಳ ಕೈಗೆ ಬಂದದ್ದನ್ನು ಅವನು ನೋಡಿದ. ಒಂದು ಮೂಲೆ ಸುಟ್ಟು ಮುದುಡಿದ ಪಟ್ಟಿ. ಮೇಲೆಲ್ಲ ಕೆಸರು ಒಣಗಿ ಕೂತಿತ್ತು. ಎಂಟು ದಿನ ಬೆಳಿಗ್ಗೆ ಅವಳೇ ಅದರಿಂದ ಒಂದೊಂದು ಮಾತ್ರೆ ಒತ್ತಿ ತೆಗೆದು, ನೀರಿನ ಲೋಟದ ಜೊತೆ ತಾಯಿಯ ಕೈಗೆ ಕೊಟ್ಟಿದ್ದಳು. ಈಗ ಅದನ್ನು ಹಿಂದೆ ಮುಂದೆ ತಿರುಗಿಸಿದಳು. "ಎರಡು ಮಾತ್ರೆ ಹಾಗೇ ಇದೆ ಅಣ್ಣ" ಎಂದಳು. "ಪಾಪ, ಯಾರೋ. ವಾಸಿಯಾಗೋ ಮೊದಲೇ ಬೇಸರ ಬಂತೇನೋ." ಕೈ ಚಾಚಿ ಅವನ ಸೊಂಟದ ಚೀಲದೊಳಕ್ಕೆ ತಾನೇ ಹಾಕಿ, ಜಿಪ್ ಎಳೆದು, ಮುಂದಿನ ಪೊದೆಗೆ ಹೋದಳು.

ಬದುಕಿಕೊಂಡೆ ಎಂದುಕೊಂಡ. ಅವಳ ಬೆನ್ನನ್ನೇ ನೋಡುತ್ತ ನಿಂತ. ಓಡಿಹೋಗಿ ಅವಳ ಭುಜ ಹಿಡಿದು ನಿಲ್ಲಿಸಿ, ಜಿಪ್ ತೆಗೆದು ತೋರಿಸಿದರೆ ಮುಗಿಯಿತು. ಮೂರು ಹೆಜ್ಜೆ ಇಟ್ಟ ಕೂಡ. ಅವಳು ತಿರುಗಿ ನೋಡಿ ನಕ್ಕಳು, ಆಸ್ಪತ್ರೆಯ ಮೂರು ದಿನದ ಸುಸ್ತು ತುಂಬಿದ ನಗು. ಅದರಲ್ಲಿ ಎಷ್ಟು ನಂಬಿಕೆ ಇತ್ತೆಂದರೆ ಅವನು ಅಲ್ಲೇ ಬಗ್ಗಿ, ಕಾಲ ಬಳಿ ಬಿದ್ದಿದ್ದ ಒಂದು ಬಿರಡೆ ಎತ್ತಿಕೊಂಡ.

ಓಟ ಮುಗಿದ ಮೇಲೆ ಗೇಟಿನ ಹತ್ತಿರ ನೀಲಿ ಟಾರ್ಪಾಲು ಹಾಸುವುದು, ಹನ್ನೊಂದು ಚೀಲವನ್ನೂ ಅದರ ಮೇಲೆ ಸುರಿದು ಗಾಜು, ಪ್ಲಾಸ್ಟಿಕ್, ಕಬ್ಬಿಣ ಬೇರೆ ಮಾಡುವುದು ಪದ್ಧತಿ. ಅದಕ್ಕೆ ಅವರು ಪಂಚಾಯಿತಿ ಎಂದು ಹೆಸರಿಟ್ಟಿದ್ದರು. ವಿಚಿತ್ರವಾದದ್ದನ್ನು ಎತ್ತಿ ಹಿಡಿದು, ಇದನ್ನು ಎಸೆದವರು ಯಾರಿರಬಹುದು, ಯಾಕೆ ಎಸೆದಿರಬಹುದು ಎಂದು ವಿಚಾರಣೆ ನಡೆಸಿ ಶಿಕ್ಷೆ ವಿಧಿಸುವುದು. ಒಂದೇ ಒಂದು ಹೊಸ ಬೂಟಿಗೆ ಬ್ಯಾಂಕಿನವರು, "ಜಗಳ ಆಡಿಕೊಂಡ ಗಂಡ. ಇನ್ನೊಂದು ಬೂಟು ಹೆಂಡತಿ ಹತ್ರ ಇದೆ. ಶಿಕ್ಷೆ, ಕುಂಟಿಕೊಂಡು ಮನೆಗೆ ಹೋಗೋದು" ಎಂದರು. ಎಲ್ಲರೂ ನಕ್ಕರು. ಕೊನೆಗೆ ಪ್ರತಿ ವಾರದಂತೆ ಟೈಲರ್ ಅವನ ಕಡೆ ತಿರುಗಿದ. "ಈಗ ಅರ್ಧ ಡಾಕ್ಟ್ರು ಹೇಳ್ತಾರೆ, ಈ ವಾರ ಊರಿಗೆ ಏನು ಕಾಯಿಲೆ!" ಇದೂ ಪದ್ಧತಿಯೇ. ಅವನು ಸೊಂಟದ ಚೀಲದಿಂದ ಒಂದೊಂದೇ ಪಟ್ಟಿ ತೆಗೆದು, ಕಣಿ ಹೇಳುವವನ ಗತ್ತಿನಲ್ಲಿ ಕಾಯಿಲೆ ಹೇಳುವುದು, ಅವರು ಚಪ್ಪಾಳೆ ತಟ್ಟುವುದು. ಬೇಡವೆಂದರೆ ಯಾಕೆ ಎಂದು ಕೇಳುತ್ತಾರೆ. ಜಿಪ್ ತೆಗೆದ. "ಕೆಮ್ಮು" ಎಂದ. ಚಪ್ಪಾಳೆ. "ಗ್ಯಾಸು." ಚಪ್ಪಾಳೆ, ಶಿಳ್ಳೆ. ಮೂರನೆಯದು ಬೆರಳಿಗೆ ಸಿಕ್ಕಿತು. ಸುಟ್ಟ ಮೂಲೆ ಚುಚ್ಚಿತು. ಅದನ್ನು ಅಂಗೈಯೊಳಗೇ ಮುಚ್ಚಿ ಹಿಡಿದ. ಟೀಚರ್ ನೋಡುತ್ತಿದ್ದಳು. ಅವಳಿಗೆ ಸಿಕ್ಕಿದ ಪಟ್ಟಿ ಅದು, ಅವಳಿಗೆ ಕುತೂಹಲ. "ಇದು ಸಾದಾ ನೋವಿನ ಮಾತ್ರೆ" ಎಂದ. ಹೇಳಿದ್ದು ಎಷ್ಟು ಸಲೀಸಾಗಿತ್ತೆಂದರೆ ಅವನಿಗೇ ಅಚ್ಚರಿಯಾಯಿತು. ಚಪ್ಪಾಳೆ ಬಿತ್ತು.

ಆಗಲೇ ಅವಳ ಫೋನು ಬಡಿದುಕೊಂಡಿತು. ಗ್ಲೌಸ್ ಕೆಸರಾಗಿತ್ತು, ಜೇಬಿನಿಂದ ಹೇಗೋ ಎಳೆದು, ಕಿರುಬೆರಳಿನಿಂದ ಒತ್ತಿ, ಸ್ಪೀಕರಿಗೆ ಹಾಕಿ ಗೇಟಿನ ಬಳಿಯ ಬೆಂಚಿನ ಮೇಲಿಟ್ಟಳು. ತಮ್ಮನ ದನಿ. "ಅಕ್ಕಾ, ಡಾಕ್ಟ್ರು ಪಕ್ಕದಲ್ಲೇ ಇದ್ದಾರೆ. ಅಮ್ಮ ಈ ತಿಂಗಳು ಏನೇನು ಮಾತ್ರೆ ತಗೊಂಡ್ರು ಅಂತ ಒಂದೂ ಬಿಡದೆ ಹೇಳ್ಬೇಕಂತೆ. ಬಿ.ಪಿ.ದು ಹೇಳ್ದೆ. ಕೀಲಿಗೆ ಕೊಡ್ತಿದ್ದೆಯಲ್ಲ, ಅದ್ಯಾವ್ದು? ಆ ಡಾಕ್ಟ್ರು ಊರಲ್ಲಿಲ್ವಂತೆ, ಫೋನ್ ಎತ್ತಲ್ಲ." ಟಾರ್ಪಾಲಿನ ಸುತ್ತ ನಗು ನಿಂತಿತು. "ತಡಿ, ಅದನ್ನ ಅಣ್ಣನೇ ವಾಪಸ್ ತಗೊಂಡಿದ್ದು. ಇಲ್ಲೇ ಇದ್ದಾರೆ" ಎಂದು ಅವಳು ಅವನತ್ತ ತಿರುಗಿದಳು. "ಅಣ್ಣ, ಅವತ್ತು ನೀವು ನಿಲ್ಲಿಸಿ ಅಂದ್ರಲ್ಲ, ಅದು ಯಾವ ಮಾತ್ರೆ?" ಮೇಷ್ಟ್ರು, ಟೈಲರ್, ಬ್ಯಾಂಕಿನವರು, ಎಲ್ಲರೂ ಅವನನ್ನೇ ನೋಡಿದರು. ಯಾರ ಕಣ್ಣಲ್ಲೂ ಸಂಶಯವಿರಲಿಲ್ಲ. ಗೊತ್ತಿರುವವನು ಹೇಳಲಿ ಎಂಬ ಗೌರವ ಮಾತ್ರ ಇತ್ತು. ಬಾಯಿ ತೆರೆದ. ಆಗತಾನೇ ಒಮ್ಮೆ ಹೇಳಿ ಚಪ್ಪಾಳೆ ಗಿಟ್ಟಿಸಿದ್ದ ಮಾತು ಬಾಯಲ್ಲಿ ಇನ್ನೂ ಬೆಚ್ಚಗಿತ್ತು. "ಸಾದಾ ನೋವಿನ ಮಾತ್ರೆ" ಎಂದ. "ಅದರಿಂದ ಏನೂ ಆಗಲ್ಲ."

ಫೋನಿನಾಚೆ ತಮ್ಮ ಅದನ್ನೇ ಯಾರಿಗೋ ಹೇಳಿದ. ಬೇರೊಂದು ದನಿ, ದಣಿದ, ಅವಸರದ, ಕೆಲಸ ಬಲ್ಲ ದನಿ, ದೂರದಿಂದ ಕೇಳಿಸಿತು. "ಸರಿ, ಹಾಗಾದ್ರೆ ಅದನ್ನ ಬಿಡಿ. ಬೇರೆ ಕಡೆ ಹುಡುಕೋಣ." ಅಷ್ಟೇ. ಒಂದು ಸಾಲನ್ನು ಹೊಡೆದುಹಾಕುವುದು ಎಷ್ಟು ಸುಲಭವೆಂದು ಅವನಿಗೆ ಗೊತ್ತಿತ್ತು. ತಮ್ಮ ಹೇಳುತ್ತಿದ್ದ: ಉಸಿರಾಟ ಜಾಸ್ತಿಯಾಗಿದೆ, ಒಳಗಿನ ವಾರ್ಡಿಗೆ ಹಾಕ್ತಾರಂತೆ, ನೀನು ಬಂದುಬಿಡಕ್ಕ. ಅವಳು ಗ್ಲೌಸ್ ಕಿತ್ತೆಸೆದಳು. "ನೀವಿದ್ದಿದ್ದಕ್ಕೆ ಒಂದು ಅನುಮಾನ ಆದ್ರೂ ಕಮ್ಮಿ ಆಯ್ತು ಅಣ್ಣ" ಎಂದು ಅವನ ಕೈ ಒತ್ತಿ, ಸ್ಕೂಟರ್ ಕಡೆ ಓಡಿದಳು.

ಮೇಷ್ಟ್ರು, ಬೇರೇನೂ ಮಾಡಲಾರದವರು ಮಾಡುವಂತೆ, ಸೀಟಿ ಊದಿದರು. ಓಟದ ಕೊನೆಗೆ ಕೈ ಮೇಲೆತ್ತಿ ಇಪ್ಪತ್ತು ಎಣಿಸುವುದಿತ್ತು. ಹತ್ತು ಜನ ವೃತ್ತದಲ್ಲಿ ನಿಂತು ಕೈ ಎತ್ತಿದರು. ಅವನೂ ಎತ್ತಿದ. ಒಂದು, ಎರಡು. ಅವಳು ಬ್ಯಾಗಿನಲ್ಲಿ ಕೀಲಿ ತಡಕುತ್ತಿದ್ದಳು. ಐದಕ್ಕೆ ಕೂಗುತ್ತೇನೆ ಎಂದುಕೊಂಡ. ಐದು ಬಂತು, ಆರು ಬಂತು. ಕೀಲಿ ಸಿಕ್ಕಿತು, ಕೈಯಿಂದ ಜಾರಿ ನೆಲಕ್ಕೆ ಬಿತ್ತು, ಅವಳು ಬಗ್ಗಿದಳು. ಒಂಬತ್ತು. ಇಲ್ಲಿಂದ ಅಲ್ಲಿಗೆ ಇಪ್ಪತ್ತು ಹೆಜ್ಜೆಯೂ ಇಲ್ಲ. ಹೆಸರಿಲ್ಲದೆ, ಬರೀ ಓ ಎಂದರೂ ಸಾಕು, ತಿರುಗಿ ನೋಡುತ್ತಾಳೆ. ಹನ್ನೆರಡು. ಹೆಲ್ಮೆಟ್ಟಿನ ಪಟ್ಟಿ ಹಾಕಿಕೊಳ್ಳುತ್ತಿದ್ದಾಳೆ. ಗಾಡಿ ಒಂದು ಸಲಕ್ಕೆ ಹತ್ತಲಿಲ್ಲ, ಎರಡನೆಯ ಸಲಕ್ಕೂ ಹತ್ತಲಿಲ್ಲ, ಯಾರೋ ಅವನಿಗಾಗಿಯೇ ಹೊತ್ತನ್ನು ಎಳೆದು ಉದ್ದ ಮಾಡುತ್ತಿದ್ದಾರೆನ್ನಿಸಿ ಅವನ ಕಣ್ಣು ಮಂಜಾಯಿತು. ಹದಿನೈದು. ಮುದುಕಿಯ ಬಾಯಿ, ನೀರಿನ ಲೋಟ. ಹದಿನಾರು. ಎಂಜಿನ್ ಹತ್ತಿತು. ಗಾಡಿ ತಿರುಗಿತು, ಗೇಟು ದಾಟಿತು, ಗೋಡೆಯ ಮೇಲೆ ಹೆಲ್ಮೆಟ್ಟು ಮಾತ್ರ ಸ್ವಲ್ಪ ದೂರ ಕಾಣುತ್ತಿತ್ತು. ಅವನ ಬಾಯಿ ಕೊನೆಗೂ ತೆರೆಯಿತು. ಎದೆಯಲ್ಲಿದ್ದ ಉಸಿರೆಲ್ಲ ಒಟ್ಟಾಗಿ ಹೊರಬಂತು. "ಇಪ್ಪತ್ತು" ಎಂದ, ಎಲ್ಲರಿಗಿಂತ ಜೋರಾಗಿ.